ಧೂಳಿನಲ್ಲಿ ಪಾಲುಂಟು, ವ್ಯಾಪಾರದಲ್ಲಿ ಇಲ್ಲವೇ?

ಸಂಡೂರಿನ ಬೆಟ್ಟಗಳನ್ನು ಬಗೆದು ಅದಿರನ್ನು ಬಂದರುಗಳತ್ತ ಸಾಗಿಸುತ್ತಿದ್ದ ದಿನಗಳನ್ನು ಹೊಸಪೇಟೆ-ಚಿತ್ರದುರ್ಗ ಹೆದ್ದಾರಿಯ ಕೂಡ್ಲಿಗಿ, ಕಾನಹೊಸಹಳ್ಳಿಗಳ ಜನ ಮರೆತಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆ ಆದೇಶ ನ್ಯಾಯಯುತವೇ ಆಗಿತ್ತು. ಆದರೆ ಲೂಟಿಯಲ್ಲಿ ಪಾಲಿಲ್ಲದಿದ್ದರೂ ಶಿಕ್ಷೆಯಲ್ಲಿ ಪಾಲು ಪಡೆದವನು ಸಾಲ ಮಾಡಿ ಲಾರಿ ಕೊಂಡಿದ್ದ ಬಡವ. 2013ರಲ್ಲಿ ನಿಯಮಬದ್ಧ ಗಣಿಗಳು ಮತ್ತೆ ತೆರೆಯಲು ನ್ಯಾಯಾಲಯ ಅನುಮತಿ ನೀಡಿತು. ಅವನಿಗೆ ಯಾವ ಬಾಗಿಲು ತೆರೆಯಿತು?

ಗಣಿಗಳಿಗೆ ಬೇಕಾದದ್ದು ಯಂತ್ರಗಳು ಮಾತ್ರವಲ್ಲ. ಟಯರು, ಬಿಡಿಭಾಗ, ವೆಲ್ಡಿಂಗ್, ಸಮವಸ್ತ್ರ, ಕಾರ್ಮಿಕರ ಊಟ, ನೀರಿನ ಟ್ಯಾಂಕರ್ ಇವೆಲ್ಲವೂ ಬೇಕು. ಇವನ್ನು ಸುತ್ತಲಿನ ಊರುಗಳಿಂದಲೇ ಕೊಳ್ಳಬೇಕೆಂದರೆ, ‘ಸ್ಥಳೀಯರಿಗೆ ಸಾಮರ್ಥ್ಯವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ರಸ್ತೆ ಬದಿಯಲ್ಲಿ ರಾತ್ರೋರಾತ್ರಿ ಲಾರಿ ಎಂಜಿನ್ ಬಿಚ್ಚಿ ಜೋಡಿಸುವ ಕೈಗಳಿಗೆ ಸಾಮರ್ಥ್ಯವಿಲ್ಲವೇ? ಇಲ್ಲದಿರುವುದು ಬಂಡವಾಳ, ಮತ್ತು ಸಕಾಲಕ್ಕೆ ಬರುವ ಹಣ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಸರಕಾರದ 2012ರ ಸಾರ್ವಜನಿಕ ಖರೀದಿ ನೀತಿಯಂತೆ ಕೇಂದ್ರ ಸರಕಾರಿ ಉದ್ಯಮಗಳು ವಾರ್ಷಿಕ ಖರೀದಿಯ ಶೇಕಡಾ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕು. ಅದರಲ್ಲಿ ಶೇಕಡಾ 4 ಪರಿಶಿಷ್ಟರ, ಶೇಕಡಾ 3 ಮಹಿಳೆಯರ ಉದ್ದಿಮೆಗಳಿಗೆ ಮೀಸಲು. ದೋಣಿಮಲೈನಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಈ ನೀತಿಗೆ ಒಳಪಡುತ್ತದೆ. ಆದರೆ ಈ ನೀತಿ ಉದ್ದಿಮೆಯ ಗಾತ್ರ ಮತ್ತು ಒಡೆತನವನ್ನು ನೋಡುತ್ತದೆಯೇ ಹೊರತು ಊರನ್ನಲ್ಲ. ದೂರದ ಮಹಾನಗರದ ಸಣ್ಣ ಉದ್ದಿಮೆಯಿಂದ ಕೊಂಡರೂ ಲೆಕ್ಕ ಸರಿಹೋಗುತ್ತದೆ. ಖಾಸಗಿ ಗಣಿ ಗುತ್ತಿಗೆದಾರರಿಗಂತೂ ಈ ನೀತಿ ಅನ್ವಯಿಸುವುದೇ ಇಲ್ಲ.

ದಕ್ಷಿಣ ಆಫ್ರಿಕಾದ ಅನುಭವ ನಮಗೆ ಪಾಠವಾಗಬೇಕು. ಗಣಿಗಳು ಕೊಳ್ಳುವ ಸರಕಿನ ಶೇಕಡಾ 70 ದೇಶದಲ್ಲೇ ತಯಾರಾಗಿರಬೇಕು, ಅದರಲ್ಲಿ ವರ್ಣಭೇದದಿಂದ ನೊಂದವರ ಉದ್ದಿಮೆಗಳಿಗೂ ಪಾಲಿರಬೇಕು ಎಂದು 2018ರ ಗಣಿ ಸನ್ನದು ವಿಧಿಸಿತ್ತು. ಆ ಸನ್ನದು ಕಾನೂನಲ್ಲ, ಕೇವಲ ನೀತಿ ಎಂದು ಅಲ್ಲಿನ ಹೈಕೋರ್ಟ್ 2021ರಲ್ಲಿ ತೀರ್ಪಿತ್ತು ಖರೀದಿಯ ಷರತ್ತುಗಳನ್ನು ರದ್ದುಪಡಿಸಿತು. ಸದಾಶಯ ಸಾಲದು, ಶಾಸನವೇ ಬೇಕು.

‘ಜಿಲ್ಲಾ ಖನಿಜ ನಿಧಿ ಇದೆಯಲ್ಲ’ ಎನ್ನುವವರಿದ್ದಾರೆ. 2015ರಲ್ಲಿ ಬಂದ ಆ ನಿಧಿ ಗಣಿ ಮಾಡಿದ ಗಾಯಕ್ಕೆ ಮುಲಾಮು. ವ್ಯಾಪಾರವಾದರೋ ಸ್ವಾಭಿಮಾನದ ಬದುಕು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಿರಾಕರಿಸುವುದು ಅನ್ಯಾಯ.

ಆದ್ದರಿಂದ ಗಣಿ ಗುತ್ತಿಗೆಯ ಕರಾರಿನಲ್ಲೇ ಸ್ಥಳೀಯ ಖರೀದಿಯ ಪ್ರಮಾಣ ನಮೂದಾಗಲಿ. ‘ಸ್ಥಳೀಯ’ ಎಂಬುದನ್ನು ಜಿಲ್ಲೆಯ ಗಡಿ ನಿರ್ಧರಿಸದಿರಲಿ. 2021ರಲ್ಲಿ ಕೂಡ್ಲಿಗಿ ವಿಜಯನಗರ ಜಿಲ್ಲೆಗೆ ಸೇರಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಆದರೆ ಗಣಿಯ ನೆರೆಹೊರೆ ಬದಲಾಗಲಿಲ್ಲ. ದೊಡ್ಡ ಟೆಂಡರುಗಳನ್ನು ಒಡೆದು ಸಣ್ಣವರ ಕೈಗೆಟುಕುವಂತೆ ಮಾಡಲಿ. ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕೆಂಬ 2006ರ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಪಾಲಿಸಲಿ.

ನಮ್ಮ ಹೊಣೆಯೂ ಇದೆ. ಉದ್ಯಮ್ ನೋಂದಣಿಯಿಲ್ಲದೆ, ಲೆಕ್ಕಪತ್ರವಿಲ್ಲದೆ, ಮಧ್ಯವರ್ತಿಯ ನೆರಳಿನಲ್ಲಿ ದುಡಿಯುವವನಿಗೆ ಯಾವ ಕಾನೂನೂ ಒದಗದು. ಗ್ಯಾರೇಜಿನವರು, ಹೊಲಿಗೆಯ ಮಹಿಳೆಯರು, ಲಾರಿ ಮಾಲೀಕರು ಜಾತಿ-ಮತ ಭೇದವಿಲ್ಲದೆ ಸಂಘಟಿತರಾಗಲಿ. ಬೇಡುವವನಿಗೆ ಸಿಗುವುದು ಭಿಕ್ಷೆ. ಹಕ್ಕು ದಕ್ಕುವುದು ಲೆಕ್ಕ ಕೇಳುವವನಿಗೆ.