ಅಸರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳಿಗೆ ಅಂಗಳ ಬಿಟ್ಟುಕೊಡಿ

ನಿಮ್ಮ ಮಗು ದಿನದಲ್ಲಿ ಎಷ್ಟು ಹೊತ್ತು ಓಡಾಡುತ್ತದೆ? ಒಂದು ದಿನ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಮದ್ರಸ, ಅಲ್ಲಿಂದ ಶಾಲೆ, ಹೋಗಿ ಬರಲು ಬಸ್ಸು ಅಥವಾ ಜೀಪು. ಸಂಜೆ ಐದಕ್ಕೆ ಮನೆ ಸೇರಿದರೆ ಒಂದು ಕೈಯಲ್ಲಿ ಬೇಕರಿಯ ಪಫ್ಸ್, ಇನ್ನೊಂದರಲ್ಲಿ ಮೊಬೈಲ್. ಮಗ್ರಿಬ್ ಆದ ಮೇಲೆ ಟ್ಯೂಷನ್, ಹೋಂವರ್ಕ್. ಒಂದು ಕಡೆ ಕೂತು ಎದ್ದ ಮಗು ಇನ್ನೊಂದು ಕಡೆ ಹೋಗಿ ಕೂರುತ್ತದೆ, ಅಷ್ಟೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಆಡಬೇಕು, ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿ ಇಷ್ಟನ್ನೂ ಮಾಡುವುದಿಲ್ಲ ಎಂದು ಅದೇ ಸಂಸ್ಥೆ 2019ರಲ್ಲಿ ತಿಳಿಸಿತು. ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ಶೇ. 85. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ಆ ಕಾಯಿಲೆಗೆ ದಾರಿ ಮಾಡಿಕೊಡುವ ಅಭ್ಯಾಸಗಳು ಬಾಲ್ಯದಲ್ಲೇ ಬೇರೂರುತ್ತವೆ.

"ಮಲೆನಾಡಿನ ಮಕ್ಕಳಿಗೆ ವ್ಯಾಯಾಮ ಯಾಕೆ? ಗುಡ್ಡ ಹತ್ತಿ ಇಳಿಯುತ್ತಾರಲ್ಲ!" ಎನ್ನುತ್ತೀರಾ? ಅದು ನಮ್ಮ ಬಾಲ್ಯದ ಮಾತು. ಇಂದು ಮೂಡಿಗೆರೆ, ಆಲ್ದೂರು ಕಡೆ ಕಾಡಾನೆಯ ಭಯಕ್ಕೆ ಸಂಜೆ ತೋಟದ ದಾರಿಯಲ್ಲಿ ಮಕ್ಕಳನ್ನು ಬಿಡುವಂತಿಲ್ಲ. ಕಳಸದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಹೆತ್ತವರು ಮಕ್ಕಳನ್ನು ಒಳಗೆ ಕೂರಿಸಿದರೆ ಅವರನ್ನು ದೂರಲಾಗದು. ಆದ್ದರಿಂದಲೇ ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ, ಜಮಾಅತ್ ಒಟ್ಟಾಗಿ ಮಾಡಬೇಕಾದ ಕೆಲಸ.

ಊರಿನಲ್ಲಿ ಕಾಂಪೌಂಡ್ ಇರುವ, ದೀಪವಿರುವ, ಎಲ್ಲರ ಕಣ್ಣಿಗೆ ಬೀಳುವ ಜಾಗ ಯಾವುದು? ಹೆಚ್ಚಿನ ಕಡೆ ಅದು ಮದ್ರಸದ ಅಂಗಳವೇ. ಅಸರ್ ನಮಾಝಿನ ಬಳಿಕ ಮಗ್ರಿಬ್‌ವರೆಗೆ ಅದು ಖಾಲಿ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಮಕ್ಕಳಿಗೆ ಬಿಟ್ಟುಕೊಡಿ. ಒಂದು ವಾಲಿಬಾಲ್, ಒಂದು ನೆಟ್, ನಾಲ್ಕು ಸ್ಕಿಪ್ಪಿಂಗ್ ಹಗ್ಗ ಸಾಕು. ಕಬಡ್ಡಿಗೆ ಅದೂ ಬೇಡ. ಮಳೆಗಾಲದಲ್ಲಿ ಚಾಪೆ ಸುತ್ತಿಟ್ಟರೆ ತರಗತಿಯೇ ಮೈದಾನ. ದಿನಕ್ಕೊಬ್ಬರಂತೆ ಹಿರಿಯರು ಅಲ್ಲೇ ಕೂತು ನೋಡಿಕೊಳ್ಳಲಿ.

ಹೆಣ್ಣುಮಕ್ಕಳನ್ನು ಮರೆಯಬೇಡಿ. ಐದನೇ ತರಗತಿಯವರೆಗೆ ಕುಣಿದಾಡುತ್ತಿದ್ದ ಹುಡುಗಿ ಏಳಕ್ಕೆ ಬಂದಾಗ "ದೊಡ್ಡವಳಾದೆ, ಕೂರು" ಎನ್ನುತ್ತೇವೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸು ಅದೇ. ವಾರದಲ್ಲಿ ಮೂರು ಸಂಜೆ ಅಂಗಳ ಅವರಿಗೇ ಇರಲಿ. ಥ್ರೋಬಾಲ್, ಶಟಲ್ ಆಡಲಿ. ತಾಯಂದಿರೇ ಜೊತೆಗಿರಲಿ, ಬೇಕಾದರೆ ಅವರೂ ಆಡಲಿ. ಪ್ರವಾದಿಯವರು (ಸ) ಪತ್ನಿ ಆಯಿಶಾರೊಂದಿಗೆ (ರ) ಓಟದ ಪಂದ್ಯ ಆಡಿದ್ದನ್ನು ಹದೀಸ್‌ಗಳಲ್ಲಿ ಓದುವ ನಮಗೆ ಇದರಲ್ಲಿ ಸಂಕೋಚವೇಕೆ?

ಆಟದ ಜೊತೆ ತಿಂಡಿಯೂ ಬದಲಾಗಲಿ. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನ ಮೊಟ್ಟೆ ಅಥವಾ ಬಾಳೆಹಣ್ಣು ತಿಂದ ಮಗುವಿಗೆ ಸಂಜೆ ನಾವು ಕೊಡುವುದು ಕುರುಕಲು ಪ್ಯಾಕೆಟ್. ಅದರ ಬದಲು ಬೇಯಿಸಿದ ಕಡಲೆ, ನೆಲಗಡಲೆ, ಹಿತ್ತಲಿನ ಬಾಳೆಹಣ್ಣು, ಪೇರಳೆ ಕೊಡಿ. ಆಟ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆದು, ಬೆರಳ ಸಂದಿಯ ನೀರನ್ನು ಒಣಬಟ್ಟೆಯಲ್ಲಿ ಒರೆಸಿಕೊಳ್ಳುವುದನ್ನು ಕಲಿಸಿ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಹುಣ್ಣಾಗಲು ಆ ತೇವವೇ ಕಾರಣ.

"ಎಸ್ಸೆಸ್ಸೆಲ್ಸಿ ಮಗು, ಆಟವಾಡಿದರೆ ಅಂಕ ಹೋಗುತ್ತದೆ" ಎಂಬ ಭಯ ಬೇಡ. ಮೈ ಬೆವರಿದ ಮಗುವಿಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಚೆನ್ನಾಗಿ ಮಲಗಿದ ಮಗು ಪುಸ್ತಕದ ಮೇಲೆ ತೂಕಡಿಸುವುದಿಲ್ಲ. ಅಂಕ ಕಡಿಮೆಯಾದರೆ ಮರುಪರೀಕ್ಷೆ ಇದೆ. ಬೆಳೆಯುವ ವಯಸ್ಸು ಮರಳಿ ಬರುವುದಿಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಜಮಾಅತ್ ಕಮಿಟಿಯವರನ್ನು ಒಂದೇ ಮಾತು ಕೇಳಿ: ಅಂಗಳದ ಗೇಟಿನ ಬೀಗ ಸಂಜೆ ಯಾರ ಬಳಿ ಇರುತ್ತದೆ? ಅಲ್ಲಿಂದ ಕೆಲಸ ಶುರುವಾಗಲಿ.