ನೆಗಡಿ ಬಂದರೆ ಮೂಗು ಕೊಯ್ಯುವುದೇ?

ಎರಡು ವರ್ಷಗಳ ಹಿಂದಿನ ಮಾತು. ಕುಂದಗೋಳ ತಾಲೂಕಿನ ನಮ್ಮ ಎರೆಹೊಲದಲ್ಲಿ ಮೆಣಸಿನ ಗಿಡಗಳಿಗೆ ಎಲೆ ಮುಟುರು ರೋಗ ತಗುಲಿತ್ತು. ಹೊಲ ನೋಡಿಕೊಳ್ಳುವ ನನ್ನ ತಮ್ಮನ ಮಗ ಬ್ಯಾರಲ್ಲಿನಲ್ಲಿ ಔಷಧ ಕಲಸಿಟ್ಟು ಎಚ್.ಟಿ.ಪಿ. ಪಂಪಿನ ಹಗ್ಗವನ್ನು ಹತ್ತಾರು ಸಲ ಎಳೆದ. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಈ ಪಂಪನ್ನು ಕಾಣದವರಿಗಾಗಿ ಒಂದು ಮಾತು: ಇದು ಚಿಕ್ಕ ಪೆಟ್ರೋಲ್ ಎಂಜಿನ್ನಿಗೆ ಬೆಲ್ಟ್ ಹಾಕಿ, ದ್ರವವನ್ನು ಹೆಚ್ಚಿನ ಒತ್ತಡದಲ್ಲಿ ಉದ್ದನೆಯ ಪೈಪಿನ ಮೂಲಕ ಚಿಮ್ಮಿಸುವ ಸಾಧನ. ಹಂಗಾಮಿನಲ್ಲಿ ಬೆಳೆಗೆ ಔಷಧ ಹೊಡೆಯುತ್ತದೆ. ಉಳಿದ ದಿನಗಳಲ್ಲಿ ಟ್ರ್ಯಾಕ್ಟರಿನ ಕೆಸರು ತೊಳೆಯುತ್ತದೆ.

ಯಂತ್ರವನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಮೇಸ್ತ್ರಿ ಹಗ್ಗವನ್ನು ಎರಡು ಸಲ ಎಳೆದು ನೋಡಿ ತೀರ್ಪು ಕೊಟ್ಟ: “ಕಾರ್ಬರೇಟರ್ ಹೋಗೇತ್ರೀ ಸರ. ಹೊಸಾದ ಹಾಕಿ ಬಿಡೂಣ.” ಕಾಲು ಗಂಟೆಯಲ್ಲಿ ಹೊಸದು ಕೂತಿತು, ಎಂಜಿನ್ನು ಗುಡುಗಿತು, ಒಂಬತ್ತುನೂರು ರೂಪಾಯಿ ಕೊಟ್ಟು ಬಂದೆವು. ಮರುವರ್ಷ ಅದೇ ಹಂಗಾಮು, ಅದೇ ಕೆಮ್ಮು, ಅದೇ ಅಂಗಡಿ, ಅದೇ ತೀರ್ಪು. “ಹೋಗೇತ್ರೀ.”

ಒಂದೇ ವರ್ಷದಲ್ಲಿ, ಅದೂ ಮೂರು ತಿಂಗಳು ಮಾತ್ರ ದುಡಿದ ಲೋಹದ ವಸ್ತು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನನ್ನು ಕಾಡಿತು. ಹೊಸದನ್ನು ಕೊಳ್ಳದೆ ಯಂತ್ರವನ್ನು ಮನೆಗೆ ತಂದೆವು. ಹಿಂದಿನ ವರ್ಷ ಕಳಚಿದ ಹಳೆಯ ಕಾರ್ಬರೇಟರು ಒಂದು ಡಬ್ಬಿಯಲ್ಲಿ ಬಿದ್ದಿತ್ತು. ಅಂಗಳದಲ್ಲಿ ವೃತ್ತಪತ್ರಿಕೆ ಹಾಸಿ, ಮೊದಲು ಅದನ್ನೇ ಬಿಚ್ಚಿದೆವು. ಕೆಳಗಿನ ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕ ಒಣಗಿದಂತೆ ಕಂದು ಅಂಟು, ಅದರ ಮೇಲೆ ಬಿಳಿಯ ಪುಡಿ. ಹಿತ್ತಾಳೆಯ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲಿಲ್ಲ. ರಂಧ್ರ ಮುಚ್ಚಿತ್ತು. ಅಷ್ಟೇ ರೋಗ. ಕ್ಲೀನರ್ ದ್ರವದಲ್ಲಿ ನೆನೆಸಿ, ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಹಾಯಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿದೆವು. ತಿರುಗಿ ಜೋಡಿಸಿದಾಗ ಮೂರನೆಯ ಎಳೆತಕ್ಕೆ ಎಂಜಿನ್ನು ಓಡಿತು. ಒಂದು ವರ್ಷದ ಹಿಂದೆಯೇ ಸತ್ತಿತೆಂದು ಸಾರಿದ್ದ ವಸ್ತು ಇಂದಿಗೂ ನಮ್ಮ ಹೊಲದಲ್ಲಿ ದುಡಿಯುತ್ತಿದೆ. ಅದರ ಬದಲಿಗೆ ಬಂದಿದ್ದ ಹೊಸದನ್ನೂ ಹಾಗೆಯೇ ತೊಳೆದು ಡಬ್ಬಿಯಲ್ಲಿ ಆಪತ್ತಿಗೆಂದು ಇಟ್ಟಿದ್ದೇವೆ.

ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವೀಗ ವರ್ಷಕ್ಕೊಮ್ಮೆ ಮೂಗು ಕೊಯ್ದು, ಹೊಸ ಮೂಗಿಗೆ ಹಣ ತೆತ್ತು, ನೆಗಡಿಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದೇವೆ. ಈ ಚಾಳಿಯ ವಿರುದ್ಧ ನಾಲ್ಕು ಮಾತು ಬರೆಯದೆ ಇರಲಾರೆ.

ಮೊದಲು ಆ ಸಾಧನ ಏನೆಂಬುದನ್ನು ನೋಡೋಣ, ಏಕೆಂದರೆ ತಿಳಿಯದ ವಸ್ತುವನ್ನು ಬಿಸಾಡುವುದು ಸುಲಭ. ಇಕ್ಕಟ್ಟಾದ ಕೊಳವೆಯಲ್ಲಿ ಹಾಯುವಾಗ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಬರ್ನೌಲಿ 1738ರಲ್ಲಿ ಪ್ರಕಟಿಸಿದ ತತ್ತ್ವ ಅದು. ಇಟಲಿಯ ವೆಂಚೂರಿಯ ಹೆಸರು ಆ ಇಕ್ಕಟ್ಟಾದ ಕೊಳವೆಗೇ ನಿಂತಿದೆ. ಒತ್ತಡ ಇಳಿದ ಜಾಗಕ್ಕೆ ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟಿನ ಮೂಲಕ ಏರಿ, ತುಂತುರಾಗಿ, ಗಾಳಿಯೊಡನೆ ಬೆರೆತು ಎಂಜಿನ್ನಿಗೆ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು. ಬಟ್ಟಲಿನಲ್ಲಿ ತೇಲುವ ಫ್ಲೋಟು ಪೆಟ್ರೋಲಿನ ಮಟ್ಟ ಕಾಯುತ್ತದೆ. ಮಟ್ಟ ಏರಿದರೆ ಒಂದು ಸೂಜಿ ಬಾಗಿಲು ಮುಚ್ಚುತ್ತದೆ. ಈ ಎಂಜಿನ್ನುಗಳ ಮುಖ್ಯ ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗಿಂತ ಕಿರಿದು. ಸಾಸಿವೆಕಾಳೂ ಅದರಲ್ಲಿ ಹಾಯಲಾರದು. ಅಷ್ಟು ಸಣ್ಣ ದಾರಿಗೆ ಒಂದು ಕಣ ಅಡ್ಡ ಕೂತರೂ ಯಂತ್ರ ನಿಲ್ಲುತ್ತದೆ. ನಿಂತದ್ದು ದಾರಿ, ಸಾಧನ ಸತ್ತಿಲ್ಲ.

ಕಣ ಎಲ್ಲಿಂದ ಬರುತ್ತದೆ? ನಮ್ಮ ಅಲಕ್ಷ್ಯದಿಂದ. ಸಿಂಪಡಣೆ ಮುಗಿದೊಡನೆ ಯಂತ್ರವನ್ನು ದನದ ಕೊಟ್ಟಿಗೆಯ ಮೂಲೆಗೆ ನೂಕುತ್ತೇವೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲು ತಿಂಗಳುಗಟ್ಟಲೆ ಕೂತು ಆರಿ, ಅಂಟನ್ನು ಬಿಟ್ಟುಹೋಗುತ್ತದೆ. ಈಗ ಅದಕ್ಕೆ ಮತ್ತೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಇಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಂಕುಗಳನ್ನೆಲ್ಲ ವ್ಯಾಪಿಸಿತು. ಇಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ತೇವ ಸೇರಿದ ಇಂಧನ ಬಹುಕಾಲ ನಿಂತರೆ ಅಲ್ಯೂಮಿನಿಯಮ್ಮಿನ ಮೇಲೆ ಬಿಳಿ ಪುಡಿ ಏಳುತ್ತದೆ, ಹಳೆಯ ಕಾಲದ ರಬ್ಬರು ಉಬ್ಬುತ್ತದೆ. ಅನೇಕ ಚಿಕ್ಕ ಎಂಜಿನ್ನುಗಳ ಕೈಪಿಡಿಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಇಥನಾಲ್ ಬೇಡವೆಂದು ಬರೆದಿರುತ್ತದೆ. ನಾನು ಇಥನಾಲಿನ ವೈರಿಯಲ್ಲ. ಕಬ್ಬು, ಗೋವಿನಜೋಳ ಬೆಳೆಯುವ ನಾಡಿನವನು ಅದರ ವೈರಿಯಾಗುವುದೂ ಕಷ್ಟ. ಆದರೆ ನಮ್ಮ ಗೋವಿನಜೋಳ ಇಥನಾಲಾಗಿ ನಮ್ಮ ಪಂಪಿಗೇ ತಿರುಗಿ ಬರುವಾಗ, ‘ಹಂಗಾಮು ಮುಗಿದ ಮೇಲೆ ಟ್ಯಾಂಕು, ಬಟ್ಟಲು ಖಾಲಿ ಮಾಡಿಡಿ’ ಎಂಬ ಒಂದು ಸಾಲನ್ನು ಬಂಕಿನಲ್ಲಾಗಲಿ, ಯಂತ್ರ ಮಾರುವ ಅಂಗಡಿಯಲ್ಲಾಗಲಿ ನನಗೆ ಯಾರೂ ಹೇಳಲಿಲ್ಲ. ಹೊಸ ಕಾರ್ಬರೇಟರು ಕೊಂಡವನು ಈ ಸಾಲನ್ನು ಕೊಂಡಿರುವುದಿಲ್ಲ. ಅದಕ್ಕೇ ಮರುವರ್ಷ ತಿರುಗಿ ಅಂಗಡಿಗೆ ಬರುತ್ತಾನೆ.

ಹಾಗಾದರೆ ತಪ್ಪು ಮೇಸ್ತ್ರಿಯದೇ? ನಾನೂ ಮೊದಲು ಹಾಗೆಯೇ ಎಣಿಸಿ, ಸ್ವಲ್ಪ ಸಿಟ್ಟಿನಿಂದಲೇ ಅವನನ್ನು ಕೇಳಿದೆ. ಅವನ ಉತ್ತರ ನನ್ನ ಬಾಯಿ ಮುಚ್ಚಿಸಿತು:

“ತೊಳದು ಕೊಟ್ಟು ನೂರೈವತ್ತ ರೂಪಾಯಿ ಕೇಳಿದ್ರ, ‘ಬರೇ ತೊಳ್ಯಾಕ ಇಷ್ಟ್ಯಾಕೋ’ ಅಂತ ಜಗಳಾ ತಗೀತಾರ್ರೀ ಮಾಸ್ತರ್ರ. ಹೊಸಾದ ಹಾಕಿದ್ರ ಒಂಬೈನೂರ ಸುಮ್ಮನ ಕೊಟ್ಟು ಹೋಗ್ತಾರ. ನೀವರ ಏನ್ ಮಾಡ್ತಿದ್ರಿ ಹೇಳ್ರಿ.”

ಹೇಳಲು ನನ್ನ ಬಳಿ ಏನೂ ಇರಲಿಲ್ಲ. ವಸ್ತುವಿಗೆ ಬೆಲೆ ಕೊಡುವ ನಾವು ಕೈಗೆ, ಕಣ್ಣಿಗೆ, ತಿಳಿವಿಗೆ ಬೆಲೆ ಕೊಡಲು ಹಿಂಜರಿಯುತ್ತೇವೆ. ಡಬ್ಬಿಯಲ್ಲಿ ಬಂದದ್ದು ‘ಸಾಮಾನು’. ಒಂದು ಗಂಟೆ ತಲೆ ಬಗ್ಗಿಸಿ ರೋಗ ಹುಡುಕಿದ್ದು ‘ಬರೇ ತೊಳೆದದ್ದು’. ಇಂಥ ಗಿರಾಕಿಗಳ ನಡುವೆ ರೋಗ ಹುಡುಕುವ ಮೇಸ್ತ್ರಿ ಉಪವಾಸ ಬೀಳುತ್ತಾನೆ, ಬದಲಿಸುವವನು ಬದುಕುತ್ತಾನೆ. ಬದಲಿಸುವವರ ಪಡೆಯನ್ನು ಹುಟ್ಟಿಸಿದವರು ನಾವೇ.

ನನ್ನ ಬಾಲ್ಯದಲ್ಲಿ ಊರ ಬಡಿಗ, ಕಮ್ಮಾರರು ಆಯಗಾರರಾಗಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಒಯ್ಯುತ್ತಿದ್ದರು; ಪ್ರತಿಯಾಗಿ ವರ್ಷವಿಡೀ ಕೂರಿಗೆ, ಕುಂಟೆ, ರಂಟೆಗಳು ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುತ್ತಿದ್ದರು. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಅದು ಜಾತಿಗೆ ಕಟ್ಟುಹಾಕಿದ ದುಡಿಮೆಯಾಗಿತ್ತು, ಕೊಟ್ಟದ್ದನ್ನು ಕೈಯೊಡ್ಡಿ ಪಡೆಯಬೇಕಾದ ಅವಮಾನ ಅದರಲ್ಲಿತ್ತು, ಹೋದದ್ದು ಒಳ್ಳೆಯದೇ. ಆದರೆ ಅದರೊಳಗೊಂದು ವಿವೇಕವಿತ್ತು. ಎಷ್ಟು ತಾಳು ಬದಲಿಸಿದ ಎಂದು ಎಣಿಸದೆ, ಕೂರಿಗೆ ನಡೆಯುತ್ತಿರುವುದಕ್ಕೆ ಕೂಲಿ ಸಲ್ಲುತ್ತಿತ್ತು. ಸಾಮಾನು ಕೆಟ್ಟಷ್ಟೂ ಕಮ್ಮಾರನಿಗೆ ನಷ್ಟ, ಬಾಳಿದಷ್ಟೂ ಲಾಭ. ಇಂದು ಲೆಕ್ಕ ತಲೆಕೆಳಗಾಗಿದೆ. ಗೌರವದ ಕೂಲಿಯೊಡನೆ ಆ ವಿವೇಕವನ್ನು ಉಳಿಸಿಕೊಳ್ಳುವುದು ನಮ್ಮಿಂದ ಆಗದ ಕೆಲಸವಾಗಿತ್ತೇ?

ಈ ಸೀಮೆಗೆ ರಿಪೇರಿ ಎಂದೂ ಕೀಳು ಕಸುಬಾಗಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ 1885ರಿಂದ ನಡೆದುಬಂದಿದೆ. ಎಂಜಿನ್ನು, ಡಬ್ಬಿಗಳನ್ನು ಬಿಚ್ಚಿ ಕಟ್ಟುವ ವಿದ್ಯೆ ಅಲ್ಲಿಂದ ಎಷ್ಟೋ ಮನೆಗಳಿಗೆ ಅನ್ನವಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ಮಾರಾಟ, ರಿಪೇರಿ ಎರಡೂ ಅಲ್ಲಿ ನಡೆಯುತ್ತಿದ್ದವು. ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ರೈತರು ಹೆದರುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ, ಕೊಳ್ಳುವವರಿಗಾಗಿ ಕಾಯ್ದು, ಕೊನೆಗೆ ಗೆದ್ದವರು ಅವರು. ಕೆಟ್ಟದ್ದನ್ನು ಬಿಚ್ಚಿ ನೋಡುವ ಕುತೂಹಲದಿಂದಲೇ ಹೊಸದನ್ನು ಮಾಡುವ ಶಕ್ತಿ ಬರುತ್ತದೆ. ಬಿಚ್ಚುವುದನ್ನೇ ಬಿಟ್ಟ ಊರು ಮುಂದೆ ಕೊಳ್ಳುವ ಊರಾಗಿ ಮಾತ್ರ ಉಳಿಯುತ್ತದೆ.

ಆ ವಿದ್ಯೆ ನಮ್ಮ ಕಣ್ಣೆದುರೇ ಸೊರಗುತ್ತಿದೆ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಹೊಸ ಮೋಟರ್‌ಸೈಕಲ್ಲುಗಳಿಗೆ ಕಾರ್ಬರೇಟರಿನ ಜಾಗದಲ್ಲಿ ಇಂಧನ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯಿತು, ಒಳ್ಳೆಯದಾಯಿತು. ಆದರೆ ಇಂದು ಕಸುಬು ಕಲಿಯುವ ಹುಡುಗನ ಕೈಗೆ ಕಾರ್ಬರೇಟರು ಸಿಗುವುದು ಅಪರೂಪವಾಗುತ್ತಿದೆ. ಹೊಲದ ಪಂಪು, ಕಳೆ ಕತ್ತರಿಸುವ ಯಂತ್ರ, ಚಿಕ್ಕ ಟಿಲ್ಲರುಗಳಲ್ಲಿ ಅದು ಇನ್ನೂ ಇದೆ. ಬಲ್ಲ ಕೈಗಳು ಮುದಿಯಾಗುತ್ತಿವೆ.

ಸರಕಾರದ ಪಾಲೂ ಇದರಲ್ಲಿದೆ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ಸಿಗುತ್ತದೆ. ಯಂತ್ರ ಕೊಳ್ಳಲು ಇಷ್ಟು ಉದಾರವಾದ ಕೈ, ಅದನ್ನು ಬಾಳಿಸಲು ಕಲಿಸುವಾಗ ಯಾಕೆ ಬಿಗಿಯಬೇಕು? ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವರ್ಷಕ್ಕೊಂದು ದಿನ ಯಂತ್ರ ಬಿಚ್ಚಿ ತೋರಿಸಿದರೆ ಸಾಕಲ್ಲವೇ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ರಚಿಸಿದಾಗ, ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದಾಗಿತ್ತು. ಆ ಡಿಸೆಂಬರಿನಲ್ಲಿ ಜಾಲತಾಣವೂ ತೆರೆಯಿತು. ಆದರೆ 2025ರಲ್ಲಿ ರಿಪೇರಿ ಸೂಚ್ಯಂಕದ ವರದಿ ಬಂದದ್ದು ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸರಕಿಗೆ. ಅಂಗೈಯ ಫೋನಿಗೆ ಸಿಕ್ಕ ಲಕ್ಷ್ಯ ಹೊಲದ ಪಂಪಿಗೂ ಸಿಗಬೇಕು. ಗ್ಯಾಸ್ಕೆಟ್, ಸೂಜಿ, ಜೆಟ್ಟುಗಳನ್ನು ಬಿಡಿಯಾಗಿ, ನ್ಯಾಯವಾದ ಬೆಲೆಗೆ ಮಾರಬೇಕೆಂಬ ಕಟ್ಟುಪಾಡು ಬರಬೇಕು. ಇಪ್ಪತ್ತು ರೂಪಾಯಿಯ ವಾಷರು ಸಿಗದ್ದಕ್ಕೆ ಇಡೀ ಕಾರ್ಬರೇಟರು ಕೊಳ್ಳುವುದೆಂದರೆ ಮೂಗಿಗಿಂತ ಮೂಗುತಿ ಭಾರ.

ಇನ್ನು ನಮ್ಮ ಶಾಲೆಗಳು. ಇಲ್ಲಿ ಆರೋಪಿ ನಾನೇ. ದಶಕಗಳ ಕಾಲ ಕಪ್ಪು ಹಲಗೆಯ ಮೇಲೆ ಪೆಟ್ರೋಲ್ ಎಂಜಿನ್ನಿನ ನಾಲ್ಕು ಹೊಡೆತಗಳ ಚಿತ್ರವನ್ನು ಬಣ್ಣದ ಸೀಮೆಸುಣ್ಣದಿಂದ ಬರೆದವನು ನಾನು. ಕಾರ್ಬ್ಯುರೇಟರ್ ಎಂದು ಬಾಣದ ಗುರುತು ಹಾಕಿ, ಐದು ಅಂಕದ ಪ್ರಶ್ನೆಯೆಂದು ಅಡಿಗೆರೆ ಎಳೆದೆ. ಒಂದು ದಿನವಾದರೂ ನಿಜವಾದ ಒಂದನ್ನು ಮೇಜಿನ ಮೇಲಿಟ್ಟು ಮಕ್ಕಳ ಕೈಯಿಂದ ಬಿಚ್ಚಿಸಲಿಲ್ಲ. ಬರ್ನೌಲಿ ತತ್ತ್ವ ಬರೆದು ಪೂರ್ಣ ಅಂಕ ಪಡೆದ ಹುಡುಗ, ಅದೇ ತತ್ತ್ವ ತನ್ನ ಹೊಲದಲ್ಲಿ ನಿಂತುಹೋದಾಗ ಅಂಗಡಿಗೆ ಓಡುತ್ತಾನೆ. ಆ ಓಟವನ್ನು ಕಲಿಸಿದವರಲ್ಲಿ ನಾನೂ ಒಬ್ಬ.

ನನ್ನ ವಾದಕ್ಕೆ ಎದುರು ಮಾತೂ ಇದೆ. “ಮೆಣಸಿನ ಗಿಡಕ್ಕ ರೋಗ ಬಡದಾಗ ಬಿಚ್ಚಿ ಕುಂಡ್ರಾಕ ಯಾರಿಗೆ ಪುರುಸೊತ್ತೈತ್ರೀ?” ಎಂದು ಗೆಳೆಯರೊಬ್ಬರು ಕೇಳಿದರು. ಒಪ್ಪುತ್ತೇನೆ. ಎರಡು ದಿನದ ವಿಳಂಬದಿಂದ ಬೆಳೆ ಹಾಳಾಗುವಂತಿದ್ದರೆ ಹೊಸದನ್ನು ಹಾಕಲೇಬೇಕು. ಹಾಗೆಯೇ ಬಿಳಿ ಪುಡಿ ಕೊರೆದು ಒಡಲೇ ತೂತಾಗಿದ್ದರೆ, ಥ್ರಾಟಲಿನ ದಂಡ ಸವೆದು ಸುತ್ತಲೂ ಗಾಳಿ ನುಸುಳುತ್ತಿದ್ದರೆ, ಸ್ಕ್ರೂ ಕೂಡುವ ಮರೆ ಕಿತ್ತುಹೋಗಿದ್ದರೆ ಬದಲಿಸುವುದೇ ಸರಿ. ನನ್ನ ಜಗಳ ಬದಲಿಸುವುದರ ಮೇಲಲ್ಲ, ಹುಡುಕದೆ ಬದಲಿಸುವುದರ ಮೇಲೆ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ, ಟ್ಯಾಂಕಿನ ಮುಚ್ಚಳದ ಗಾಳಿಕಂಡಿ ಮುಚ್ಚಿದೆಯೇ, ನಲ್ಲಿಯಿಂದ ಪೆಟ್ರೋಲು ಇಳಿಯುತ್ತಿದೆಯೇ, ಗಾಳಿ ಸೋಸುವ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. ಅದನ್ನು ನೋಡದೆ ಕಾರ್ಬರೇಟರಿಗೆ ಕೈ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಬದಲಿಸಲೇಬೇಕಾದರೆ ತಿಳಿದು ಬದಲಿಸಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಗವರ್ನರಿನ ಸ್ಪ್ರಿಂಗು ಯಾವ ತೂತಿನಲ್ಲಿತ್ತು, ಎಂಜಿನ್ನಿಗೂ ಕಾರ್ಬರೇಟರಿಗೂ ನಡುವಿನ ಕಪ್ಪು ತುಂಡಿನ ಯಾವ ಮುಖ ಎತ್ತ ಇತ್ತು, ಯಾವ ಗ್ಯಾಸ್ಕೆಟ್ ಎಲ್ಲಿತ್ತು ಎಂಬುದು ತಪ್ಪಿದರೆ ಹೊಸದೂ ಏರಿಳಿಯುತ್ತ ಓಡುತ್ತದೆ. ಜೆಟ್ಟಿಗೆ ಉಕ್ಕಿನ ಸೂಜಿ ಚುಚ್ಚಬೇಡಿ, ರಂಧ್ರ ಹಿಗ್ಗುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ, ಹತ್ತಿರ ಬೀಡಿ, ಒಲೆ ಬೇಡ. ಹಳೆಯದನ್ನು ಬಿಸಾಡದೆ ಬಿಡುವಿನ ದಿನ ತೊಳೆದಿಡಿ. ಮುಂದಿನ ಆಪತ್ತಿಗೆ ಅದೇ ಆಧಾರ. ಹಂಗಾಮು ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಕೆಳಗಿನ ಬೋಲ್ಟು ಸಡಿಲಿಸಿ ಉಳಿದದ್ದನ್ನೂ ಬಸಿಯಿರಿ.

ಮತ್ತೆ, ಮುಂದಿನ ಸಲ ಯಾವ ಮೇಸ್ತ್ರಿಯಾದರೂ ಬಿಚ್ಚಿ, ತೊಳೆದು, ರೋಗ ಹುಡುಕಿ ಕೊಟ್ಟರೆ ಅವನು ಕೇಳಿದ ನೂರೈವತ್ತನ್ನು ಚೌಕಾಶಿ ಮಾಡದೆ ಕೊಡಿ. ನಾನು ಆ ಅಂಗಡಿಗೆ ತಿರುಗಿ ಹೋಗಿ, ಪಕ್ಕದ ಹೊಲದವರ ಪಂಪನ್ನು ತೊಳೆಸಿ, ಇನ್ನೂರು ಕೊಟ್ಟು ಬಂದೆ. ಅವನು ಐವತ್ತು ತಿರುಗಿ ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ.

ನೀವೇನಂತೀರಿ?