ಸಂದರ್ಶನಕ್ಕೆ ಕರೆದವರು ಉತ್ತರವನ್ನೂ ಕೊಡಲಿ



ಬೆಂಗಳೂರಿನ ಖಾಸಗಿ ಬ್ಯಾಂಕೊಂದು ಸಾಲ ವಿಭಾಗದ ಹುದ್ದೆಗೆ ನನ್ನನ್ನು ಸಂದರ್ಶನಕ್ಕೆ ಕರೆಯಿತು. ಫೋನಿನಲ್ಲಿ ವಿಚಾರಣೆ, ಆನ್‌ಲೈನ್ ಪರೀಕ್ಷೆ, ಎಕ್ಸೆಲ್‌ನಲ್ಲಿ ಕಂಪನಿಯೊಂದರ ನಗದು ಹರಿವಿನ ಲೆಕ್ಕ, ಆಮೇಲೆ ಒಬ್ಬರಾದ ಮೇಲೊಬ್ಬರಂತೆ ಮ್ಯಾನೇಜರ್‌ಗಳು. ಎಲ್ಲರೂ ಕೇಳಿದ್ದು ಅವೇ ಪ್ರಶ್ನೆಗಳನ್ನು. ನನ್ನ ಹಳೆಯ ಸಂಬಳದ ಸ್ಲಿಪ್ ಮೊದಲೇ ಬೇಕು. ಅವರು ಕೊಡುವ ಸಂಬಳ ಮಾತ್ರ ಗುಟ್ಟು! ಕೊನೆಗೆ ‘ತಿಳಿಸುತ್ತೇವೆ’ ಎಂದವರು ಫೋನ್ ಎತ್ತುವುದನ್ನೇ ಬಿಟ್ಟರು.

ಆದರೆ ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಪ್ರೊಬೇಷನರಿ ಅಧಿಕಾರಿ (ಪಿಒ) ನೇಮಕಾತಿಯಲ್ಲಿ ಮುಖ್ಯ ಪರೀಕ್ಷೆ ಹಾಗೂ ಸಂದರ್ಶನಕ್ಕೆ 80:20ರ ಅನುಪಾತವೆಂದು ಅಧಿಸೂಚನೆಯಲ್ಲೇ ಇರುತ್ತದೆ. ಅಂಕಗಳೂ ಸಿಗುವುದರಿಂದ ಎಲ್ಲಿ ಹಿಂದೆ ಬಿದ್ದೆವೆಂದು ತಿಳಿಯುತ್ತದೆ.

ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಸಾಲ ಕೇಳುವವರಿಗೆ ಸಿಗುವ ಈ ಮರ್ಯಾದೆ ಕೆಲಸ ಕೇಳುವವರಿಗೇಕಿಲ್ಲ? ಎಷ್ಟು ಸುತ್ತು, ಸಂಬಳ ಎಷ್ಟರಿಂದ ಎಷ್ಟು ಎಂಬುದನ್ನು ಜಾಹೀರಾತಿನಲ್ಲೇ ಹೇಳಲಿ. ಆಯ್ಕೆಯಾಗದವರಿಗೆ ಎರಡು ಸಾಲಿನ ಇಮೇಲ್ ಕಳುಹಿಸಲಿ. ಅದಕ್ಕೆ ಬ್ಯಾಂಕಿನ ಬೊಕ್ಕಸವೇನೂ ಬರಿದಾಗದು.

– ನೊಂದ ಅಭ್ಯರ್ಥಿ, ದಾವಣಗೆರೆ